ಹಿಂಗಾಲಿಲ್ಲದ ಕೆಂಪು ಕುರ್ಚಿ

ಸಾವಿರದ ಇನ್ನೂರು ಕೊಟ್ಟೆ. ಹೇಳಿದ್ದು ಮೂರು ಸಾವಿರ. ರಾಜಾಜಿನಗರದಲ್ಲಿ ಯಾವುದೋ ಆಫೀಸು ಮುಚ್ಚುತ್ತಿತ್ತು, ಸಾಮಾನೆಲ್ಲ ಫುಟ್‌ಪಾತಿಗೆ ಬಂದಿತ್ತು. ನಡುವೆ ಕೆಂಪು ಪ್ಲಾಸ್ಟಿಕ್ಕಿನ ಒಂದು ಕುರ್ಚಿ. ಮುಂಭಾಗ ಸೀರೆಯ ನೆರಿಗೆಯಂತೆ ಇಳಿದು ನೆಲಕ್ಕೆ ಹರಡಿಕೊಂಡಿದೆ. ಹಿಂದೆ ಕಾಲೇ ಇಲ್ಲ, ಬರೀ ಬಯಲು. “ಅರ್ಧ ಕುರ್ಚಿಗೆ ಪೂರ್ತಿ ರೇಟು ಹೇಳ್ತೀರಲ್ಲ?” ಅಂದೆ. ಮಾರುವವನಿಗೂ ಅನುಮಾನವಿತ್ತು, ಇಳಿದ.

ಕೊಂಡದ್ದು ನನ್ನ ಹೆಂಡತಿ ಶಾಂತವ್ವನಿಗೆ. ಗದಗಿನ ನಮ್ಮ ಪಾತ್ರೆ ಅಂಗಡಿ ರಸ್ತೆ ಅಗಲ ಮಾಡುವಾಗ ಹೋಯಿತು, ನಾವು ಹೆಗ್ಗನಹಳ್ಳಿಗೆ ಬಂದೆವು. ಕಾಮಾಕ್ಷಿಪಾಳ್ಯದಲ್ಲಿ ಹಳೇ ಸಾಮಾನಿನ ವ್ಯಾಪಾರ ನನಗೆ ಕುದುರಿತು. ಅವಳಿಗೆ ಏನೂ ಕುದುರಲಿಲ್ಲ. ಗದಗಿನಲ್ಲಿ ಸಂಜೆಯಾದರೆ ಮನೆ ಮುಂದಿನ ಕಟ್ಟೆ, ಕಟ್ಟೆಯ ತುಂಬ ಹೆಂಗಸರು. ಇಲ್ಲಿ ಎರಡನೇ ಮಹಡಿ. ಬಾಗಿಲ ಮುಂದೆ ಮೂರಡಿ ಜಾಗ, ಅದಕ್ಕೆ ಪ್ಯಾಸೇಜು ಅನ್ನುತ್ತಾರೆ. ಮಂಡಿನೋವಿನಿಂದ ನೆಲಕ್ಕೆ ಕೂರಲಾಗದೆ ಮೆಟ್ಟಿಲ ಮೇಲೆ ಕೂತಳು. “ದಾರೀಲಿ ಕೂತ್ಕೊಂಡ್ರೆ ಜನ ಓಡಾಡೋದು ಹೇಗ್ರೀ?” ಅಂದರು ಮನೆ ಓನರಮ್ಮ. ಒಳಗೆ ಬಂದು ಬಾಗಿಲು ಹಾಕಿಕೊಂಡಳು. ಜಗಳವಿಲ್ಲ, ಅಳುವಿಲ್ಲ. ಇಬ್ಬರೂ ಟೀವಿ ಮುಂದೆ ಕೂರುತ್ತಿದ್ದೆವು. ಏನು ನೋಡಿದೆವೋ ಗೊತ್ತಿಲ್ಲ. ಒಂದು ದಿನ, “ನಾ ಊರಿಗೆ ಹೋಗಿ ತಂಗಿ ಮನ್ಯಾಗ ಇದ್ದುಬಿಡ್ತೀನ್ರಿ,” ಅಂದಳು. ಅದಕ್ಕೇ ಕುರ್ಚಿ.

ನೋಡಿದವಳೇ, “ಹಿಂದ ಕಾಲೇ ಇಲ್ಲಲ್ರೀ! ನನ್ನ ಕೆಡವಾಕ ತಂದೀರೇನು?”

ನನ್ನ ಅಂಗಡಿ ಪಕ್ಕದ ವೆಲ್ಡಿಂಗ್ ಶಾಪಿಗೆ ಒಯ್ದೆ. “ಕುರ್ಚಿಗೂ ಊರುಗೋಲಾ ಸಾರ್?” ಅಂತ ನಕ್ಕ ವೆಲ್ಡಿಂಗಿನವನು. ತೂತು ಕೊರೆದು ಕಬ್ಬಿಣದ ಎರಡು ಕಾಲಿಗೆ ಬೋಲ್ಟು ಹಾಕಿದ. ಪ್ಯಾಸೇಜಿನಲ್ಲಿ ಹಾಕಿದೆ, ಶಾಂತವ್ವ ಕೂತಳು.

ಮೇಲಿನ ಮನೆಯಲ್ಲಿ ಡ್ರಾಯಿಂಗ್ ಟೀಚರ್ ಒಬ್ಬರಿದ್ದಾರೆ. ಕುರ್ಚಿ ಕಂಡು ತಲೆ ಮೇಲೆ ಕೈ ಹೊತ್ತರು. “ಅಂಕಲ್, ಇದು ಡೆನ್ಮಾರ್ಕಿನ ಡಿಸೈನರ್ ಒಬ್ಬ ಮಾಡಿದ್ದು. ಕುರ್ಚಿಗೆ ಕಾಲೇ ಬೇಡ ಅಂತ ಹಟ ಹಿಡಿದು ಒಂದೇ ಅಚ್ಚಲ್ಲಿ ತೆಗೆಸಿದ, ಆದ್ರೂ ಬೀಳಲ್ಲ. ಮ್ಯೂಸಿಯಮ್ಮಲ್ಲಿಡ್ತಾರೆ ಇದನ್ನ. ನೀವು ಕಾಲು ಹಾಕ್ಸಿದೀರಾ!”

“ಅವಂಗ ತಲಿ ನೆಟ್ಟಗಿತ್ತೇನವ್ವಾ?” ಅಂದಳು ಶಾಂತವ್ವ.

ಕಾಲು ಬಿಚ್ಚಿ ಕೊಟ್ಟರೆ ತೂತಿದ್ದರೂ ಸರಿ, ಎಂಟು ಸಾವಿರಕ್ಕೆ ತಗೊಳ್ತೀನಿ ಅಂದರು ಟೀಚರ್. ನಾನು ಹತ್ತು ಅಂದೆ. ಒಪ್ಪಿದರು.

ಮರುದಿನ ಸಂಜೆ ಸ್ಪ್ಯಾನರ್ ಹಿಡಿದು ಮೆಟ್ಟಿಲು ಹತ್ತಿದೆ. ಕುರ್ಚಿಯಲ್ಲಿ ಶಾಂತವ್ವ. ಮೆಟ್ಟಿಲ ಮೇಲೆ, ದಾರಿಗೆ ಅಡ್ಡ, ಓನರಮ್ಮ. ನಡುವೆ ಅವರೆಕಾಳಿನ ಮೊರ.

“ಹಿಂಗೆ ಹಿಸುಕ್ಬೇಕು ಕಣ್ರೀ.”

“ಸಿಪ್ಪಿ ತೆಗಿಯಾಕ ಇಷ್ಟು ಒದ್ದಾಟ ಏನ್ರಿ ಅಕ್ಕಾರ? ನಾವು ಹಂಗ ತಿಂತೀವಿ.”

ಇಬ್ಬರೂ ನಕ್ಕರು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ನನ್ನ ಜೊತೆ ಅವಳು ಹೀಗೆ ನಕ್ಕು ಎಷ್ಟು ದಿನವಾಗಿತ್ತೋ. ಅವರನ್ನು ಎಬ್ಬಿಸದೆ ಪಕ್ಕಕ್ಕೆ ಸರಿದು ಮೇಲೆ ಹೋದೆ, ಟೀಚರಿಗೆ ಕೊಡಲ್ಲ ಅಂದು ಬಂದೆ.

ತಂಗಿ ಮನೆಯ ಮಾತನ್ನು ಅವಳು ಮತ್ತೆ ಎತ್ತಿಲ್ಲ. ಗದಗಿನ ಬಸ್ಸು ಎಷ್ಟು ಗಂಟೆಗೆ ಅಂತ ಆಗಾಗ ಕೇಳುತ್ತಾಳೆ. ಹೇಳುತ್ತೇನೆ. ಟಿಕೆಟ್ ಮಾಡಿಸಲಾ ಅಂದರೆ ಮೊರ ಎತ್ತಿಕೊಂಡು ಕುರ್ಚಿಗೆ ಹೋಗುತ್ತಾಳೆ.

ನೀವು ಈ ಕಡೆ ಬರುವವರಾದರೆ ಒಂದು ಮಾತು. ಬಾಡಿಗೆ ಮನೆ ನೋಡುವಾಗ ನೀರು ನೋಡಿ, ಮೀಟರು ನೋಡಿ, ಅಡ್ವಾನ್ಸು ಜಗ್ಗಿ ಇಳಿಸಿ. ಕೊಡುವ ಮುಂಚೆ ಹೆಂಡತಿಯನ್ನು ಒಂದು ಸಂಜೆ ಆ ಮನೆಗೆ ಕರಕೊಂಡು ಹೋಗಿ, ಇಲ್ಲಿ ಎಲ್ಲಿ ಕೂರುತ್ತೀ ಅಂತ ಕೇಳಿ. ಅವಳು ಸುತ್ತ ನೋಡಿ ಸುಮ್ಮನಾದರೆ ಬೇರೆ ಮನೆ ಹುಡುಕಿ.