ಕೋಟು ಬಿಚ್ಚದ ಗಿರಿಜಕ್ಕ

ಗಿರಿಜಕ್ಕ ಕೋಟು ಬಿಚ್ಚುತ್ತಿರಲಿಲ್ಲ. ಕೆನಡಾದ ಥಾರ್ನ್‌ಕ್ಲಿಫ್ ಪಾರ್ಕ್ ಬಡಾವಣೆಯಲ್ಲಿ, ಅಂಗಡಿಗಳ ಮೇಲಿನ ಮಹಡಿಯಲ್ಲಿ, ನಾನು ಕೆಲಸಕ್ಕಿದ್ದ ಟ್ಯೂಷನ್ ಸೆಂಟರಿನಲ್ಲಿ ಚಳಿಗಾಲದ ಹೀಟರು ಎಷ್ಟು ಜೋರಾಗಿರುತ್ತಿತ್ತೆಂದರೆ ಮಕ್ಕಳು ಬಂದೊಡನೆ ಸ್ವೆಟರು ಕಿತ್ತೆಸೆಯುತ್ತಿದ್ದವು. ಗಿರಿಜಕ್ಕ ಮಾತ್ರ ಮೊಣಕಾಲು ಮುಟ್ಟುವ ಕಂದು ಕೋಟಿನಲ್ಲೇ, ಹಣೆಯ ಬೆವರನ್ನು ಕರ್ಚೀಫಿನಿಂದ ಒತ್ತಿಕೊಳ್ಳುತ್ತ, ಬೋರ್ಡಿನ ಮೇಲೆ ಇಂಗ್ಲಿಷ್ ವಾಕ್ಯಗಳನ್ನು ಬರೆಯುತ್ತಿದ್ದರು.

ಕೋಟು ನೇತುಹಾಕಲು ಗೋಡೆಯಲ್ಲಿ ಸಾಲಾಗಿ ಕೊಕ್ಕೆಗಳಿದ್ದವು. ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರು. ಗಿರಿಜಕ್ಕ ಸೇರಿದ ವಾರ ನಾನೇ ಅವರ ಹೆಸರು ಬರೆದು ಅಂಟಿಸಿದ್ದೆ. ಮರುದಿನ ಚೀಟಿ ಇರಲಿಲ್ಲ.

"ಹೆಸರು ಹಚ್ಚಬ್ಯಾಡವಾ," ಎಂದರು. "ನನ್ನ ಸಾಮಾನು ನನ್ನ ಮೈಮ್ಯಾಲೆ ಇರ್ಲಿ."

ಸಾಮಾನು ನಿಜಕ್ಕೂ ಮೈಮೇಲೆಯೇ ಇರುತ್ತಿತ್ತು. ಒಳಜೇಬಿನಲ್ಲಿ ಪಾಸ್‌ಪೋರ್ಟು, ಹೊರಜೇಬಿನಲ್ಲಿ ಫೋನಿನ ಚಾರ್ಜರು, ಇನ್ನೊಂದರಲ್ಲಿ ಫಾಯಿಲಿನಲ್ಲಿ ಸುತ್ತಿದ ಚಪಾತಿ. ಒಮ್ಮೆ ಒಬ್ಬ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು, ಮಿಸ್, ನೀವು ಈಗ ಬಂದಿರೋ, ಹೊರಟಿರೋ ಎಂದು. "ಎರಡೂ," ಎಂದರು ಗಿರಿಜಕ್ಕ. ಮಕ್ಕಳು ನಕ್ಕವು. ಅವರು ನಗಲಿಲ್ಲ.

ಅವರು ಹುಬ್ಬಳ್ಳಿಯವರು. ಅಣ್ಣನ ಜೊತೆ ಕೆನಡಾಕ್ಕೆ ಬಂದು ಇಪ್ಪತ್ತು ವರ್ಷ ದಾಟಿತ್ತು, ಇಲ್ಲಿಯ ಪ್ರಜೆಯಾಗಿದ್ದರು. ಐವತ್ತರ ಹತ್ತಿರದ ವಯಸ್ಸು, ಮದುವೆಯಾಗಿರಲಿಲ್ಲ. ನಡುವೆ ಎರಡು ವರ್ಷ ಚೀನಾದ ಒಂದು ಊರಿನಲ್ಲಿ ಇಂಗ್ಲಿಷ್ ಕಲಿಸಿದ್ದರು ಎಂಬುದಷ್ಟೇ ನನಗೆ ಗೊತ್ತಿತ್ತು. ಮಾಲೀಕರು ಅದನ್ನು ಜಾಹೀರಾತಿನಲ್ಲಿ ಹಾಕೋಣವೆಂದಾಗ ಗಿರಿಜಕ್ಕ ಬೇಡವೆಂದಿದ್ದರು. ಪಾಠ ಶುರು ಮಾಡುವ ಮುನ್ನ ಪ್ರತಿದಿನ ಹಿಂಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ ನೋಡುತ್ತಿದ್ದರು. ನಾನು ಯಾಕೆಂದು ಕೇಳಿರಲಿಲ್ಲ. ಕೇಳದೆ ಇರುವುದು ನನ್ನ ಸ್ವಭಾವ, ಬಹುಶಃ ಅದಕ್ಕೇ ಅವರು ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು.

ಫೆಬ್ರವರಿಯ ಒಂದು ಮಧ್ಯಾಹ್ನ ಬೆಂಕಿ ಸುರಕ್ಷತೆಯ ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಸಮವಸ್ತ್ರ, ಕೈಯಲ್ಲಿ ಟ್ಯಾಬ್ಲೆಟ್ಟು, ಮುಖದಲ್ಲಿ ಒಳ್ಳೆಯ ನಗು. ಗಿರಿಜಕ್ಕನ ತರಗತಿಯಲ್ಲಿ ಬೋರ್ಡಿನ ಮೇಲೆ ಅರ್ಧ ಬರೆದ ವಾಕ್ಯವಿತ್ತು, ಅವರಿರಲಿಲ್ಲ. ಮೇಜಿನ ಮೇಲೆ ಅವರ ಉಣ್ಣೆಯ ಮಫ್ಲರು ಬಿದ್ದಿತ್ತು. ಹೊರಗೆ ಹೋಗಿರಬೇಕು, ಚಳಿಯಾದೀತು ಎಂದುಕೊಂಡು ಅದನ್ನು ಎತ್ತಿಕೊಂಡೆ. ಅಷ್ಟರಲ್ಲಿ ಅಧಿಕಾರಿ ಹಿಂಬಾಗಿಲು ಸರಿಯಾಗಿ ತೆರೆಯುತ್ತದೆಯೇ ತೋರಿಸಿ ಎಂದರು. ನಾನು ಮುಂದೆ, ಅವರು ಹಿಂದೆ. ಬಾಗಿಲು ತಳ್ಳಿದೆ.

ಕಬ್ಬಿಣದ ಮೆಟ್ಟಿಲಿನ ಮೇಲೆ, ಹಿಮದಲ್ಲಿ, ಗಿರಿಜಕ್ಕ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಅವರು ಅಧಿಕಾರಿಯತ್ತ ನೋಡಲೇ ಇಲ್ಲ. ನನ್ನ ಕೈಯಲ್ಲಿದ್ದ ಮಫ್ಲರನ್ನು ನೋಡಿದರು. ಆಮೇಲೆ ನನ್ನ ಮುಖವನ್ನು. ಮನುಷ್ಯರ ಮುಖದಲ್ಲಿ ಅಂಥ ಭಯವನ್ನು ನಾನು ಮೊದಲು ಕಂಡಿರಲಿಲ್ಲ.

"ನೀನೂ ತಂದ್ಯಾ?" ಎಂದರು, ಬಹಳ ಮೆಲ್ಲಗೆ.

ಅಧಿಕಾರಿ ಟ್ಯಾಬ್ಲೆಟ್ಟಿನಲ್ಲಿ ಗುರುತು ಹಾಕಿಕೊಂಡು, ಅವರಿಗೂ ಶುಭ ದಿನ ಹೇಳಿ ಹೋದರು. ಆ ಮಾತಿನ ಅರ್ಥವನ್ನು ನಾನು ಆ ದಿನವೂ ಕೇಳಲಿಲ್ಲ.

ಗೊತ್ತಾಗಿದ್ದು ಏಪ್ರಿಲಿನಲ್ಲಿ. ನನ್ನ ವರ್ಕ್ ಪರ್ಮಿಟ್ ಮುಗಿಯಲು ನಾಲ್ಕು ತಿಂಗಳಿತ್ತು. ಮೈಸೂರಿನ ಇಂಗ್ಲಿಷ್ ಎಂ.ಎ.ಯನ್ನೂ ಇಲ್ಲಿಯ ಡಿಪ್ಲೊಮಾವನ್ನೂ ಹಿಡಿದು ಕಳಿಸಿದ ಅರ್ಜಿಗಳಿಗೆ ಒಂದೇ ಒಂದು ಉತ್ತರ ಬಂದಿತ್ತು, ಅದೂ ಚೀನಾದಿಂದ. ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಕೆಲಸ, ವಸತಿ ಅವರದೇ. ಗಿರಿಜಕ್ಕ ಹಿಂದೆ ಕಲಿಸಿದ್ದ ಊರೇ ಅದು. ಹೆಸರು ಕೇಳಿದೊಡನೆ ಅವರು ಚಪಾತಿಯನ್ನು ಮತ್ತೆ ಫಾಯಿಲಿನಲ್ಲಿ ಸುತ್ತಿದರು.

"ಕಾಗದ ತೋರ್ಸು."

ಕರಾರನ್ನು ಅವರು ಎರಡು ಸಲ ಓದಿದರು. ಬೆರಳು ಒಂದು ಸಾಲಿನ ಮೇಲೆ ನಿಂತಿತು. "ಬಿಸಿನೆಸ್ ವೀಸಾದಾಗ ಬಾ, ಪರ್ಮಿಟ್ ಆಮ್ಯಾಲೆ ಮಾಡಸ್ತೀವಿ ಅಂದಾರ. ಇಲ್ಲಿ ನೋಡು, ಪಾಸ್‌ಪೋರ್ಟ್ ಆಫೀಸಿನಾಗ ಕೊಡಬೇಕಂತ. ನಂದೂ ಹಿಂಗs ಇಸ್ಕೊಂಡಿದ್ರು."

ಆಗ ಹೇಳಿದರು. ಅವರ ಪರ್ಮಿಟ್ಟಿನಲ್ಲಿದ್ದ ಸಂಸ್ಥೆ ಒಂದು, ಅವರನ್ನು ಪಾಠಕ್ಕೆ ಕಳಿಸಿದ ಶಿಶುಶಾಲೆ ಇನ್ನೊಂದು. ಅದು ಕಾನೂನಿಗೆ ವಿರುದ್ಧವೆಂದು ಗೊತ್ತಾಗುವ ಹೊತ್ತಿಗೆ ಪಾಸ್‌ಪೋರ್ಟು ಪರ್ಮಿಟ್ ನವೀಕರಣದ ಹೆಸರಿನಲ್ಲಿ ಆಫೀಸಿನ ಕಪಾಟು ಸೇರಿತ್ತು. ತಪಾಸಣೆ ಬಂದರೆ ಸ್ಪೀಕರಿನಲ್ಲಿ ವ್ಯಾಯಾಮದ ಸಂಗೀತ ಹಾಕುತ್ತೇವೆ, ನೀವು ಹಿಂಬಾಗಿಲಿನಿಂದ ಮೆಟ್ಟಿಲಿಗೆ ಹೋಗಿ ನಿಲ್ಲಿ ಎಂದು ಶಾಲೆಯವರು ಹೇಳಿದ್ದರಂತೆ. ನಾಲ್ಕು ಸಲ ಹಾಗೆ ನಿಂತಿದ್ದರು. ಐದನೆಯ ಸಲ ಡಿಸೆಂಬರು. ಅವಸರದಲ್ಲಿ ಕೋಟು ಕೊಕ್ಕೆಯಲ್ಲೇ ಉಳಿಯಿತು.

"ನನ್ನ ಕ್ಲಾಸಿನಾಗ ಲಿಲಿ ಅಂತ ಒಂದು ಹುಡುಗಿ ಇತ್ತು. ಆರು ವರ್ಷದ್ದು. ಆ ಇಂಗ್ಲಿಷ್ ಹೆಸರು ನಾನs ಇಟ್ಟದ್ದು. ದಿನಾ ಮನೀಗೆ ಹೋಗೋ ಮುಂದ ಮಕ್ಕಳಿಗೆ ಒಂದು ವಾಕ್ಯ ಹೇಳಸ್ತಿದ್ದೆ. ಹೊರಗ ಥಂಡಿ ಐತಿ, ಕೋಟು ಹಾಕ್ಕೋ ಅಂತ." ಕೋಟಿನ ಕಾಲರನ್ನು ಎಳೆದುಕೊಂಡರು. "ಅವತ್ತ ಮೆಟ್ಟಲ ಮ್ಯಾಲೆ ನಿಂತಿದ್ದೆ, ಬಾಗಲಾ ತೆಗೀತು. ಲಿಲಿ ನನ್ನ ಕೋಟು ಎರಡೂ ಕೈಲೆ ಅಪ್ಪಿಕೊಂಡು ನಿಂತೈತಿ. ಕೋಟು ನೆಲಾ ಬಳೀತೈತಿ. ಆ ವಾಕ್ಯ ಒಂದು ತಪ್ಪಿಲ್ದಂಗ ಹೇಳ್ತು. ಆಕಿ ಹಿಂದ ಇಬ್ಬರು ಆಫೀಸರು."

ಶಾಲೆಯವರು, ಈಕೆ ಯಾರೋ ನಮಗೆ ಗೊತ್ತಿಲ್ಲ, ಯಾರದೋ ಪರಿಚಯದವಳು ಎಂದರು. ಒಂಬತ್ತು ದಿನ ಗಿರಿಜಕ್ಕ ಒಂದು ಕೋಣೆಯಲ್ಲಿದ್ದರು, ಆಮೇಲೆ ವಿಮಾನ ಹತ್ತಿಸಿದರು. ಆ ಒಂಬತ್ತು ದಿನಗಳ ಬಗ್ಗೆ ಏನೂ ಹೇಳಲಿಲ್ಲ. ಹೇಳಿದ್ದು ಇಷ್ಟೇ: "ನನ್ನನ್ನ ಕರ್ಕೊಂಡು ಹೋಗೋ ಮುಂದ ಹೆಡ್ ಮೇಡಂ ಲಿಲಿ ರಟ್ಟಿ ಹಿಡಿದು ಒಳಗ ಎಳಕೊಂಡು ಹೋದ್ಲು. ಬಾಗಲಾ ಹಾಕ್ಕೊಂಡ್ಲು."

ಮರುದಿನ ನಾನು ಸೆಂಟರಿನಿಂದಲೇ, ಆ ಕೆಲಸ ಕೊಡಿಸುತ್ತಿದ್ದ ಏಜೆನ್ಸಿಯ ಹುಡುಗಿಗೆ ವೀಡಿಯೊ ಕಾಲ್ ಮಾಡಿದೆ. ಗಿರಿಜಕ್ಕ ಕ್ಯಾಮೆರಾಕ್ಕೆ ಕಾಣದಂತೆ ಪಕ್ಕದಲ್ಲಿ ಕೂತಿದ್ದರು. ಅವರು ಬರೆದುಕೊಟ್ಟ ಪ್ರಶ್ನೆಗಳನ್ನು ಕೇಳಿದೆ. ಪರ್ಮಿಟ್ಟಿನಲ್ಲಿ ಬರುವ ವಿಳಾಸ ಯಾವುದು? ಪಾಠ ಮಾಡುವ ವಿಳಾಸ ಯಾವುದು? ಆ ಹುಡುಗಿ ಡಿಯರ್ ಡಿಯರ್ ಎನ್ನುತ್ತ, ಎಲ್ಲರೂ ಹೀಗೇ ಬರುತ್ತಾರೆ, ಚಿಂತೆ ಬೇಡ ಎಂದಳು. ಪಾಸ್‌ಪೋರ್ಟ್ ನನ್ನ ಹತ್ತಿರವೇ ಇರಬಹುದೇ ಎಂದೆ. ಅವಳ ನಗು ನಿಂತಿತು.

ನಿಮ್ಮ ಪಕ್ಕದಲ್ಲಿ ಯಾರಿದ್ದಾರೆ ಎಂದು ಕೇಳಿದಳು.

ನಾನು ಉತ್ತರಿಸುವ ಮೊದಲೇ ಹಿಂಬಾಗಿಲು ತೆರೆದ ಸದ್ದಾಯಿತು. ಕುರ್ಚಿ ಖಾಲಿಯಿತ್ತು. ನನ್ನ ಪಾಸ್‌ಪೋರ್ಟಿನ ಪ್ರತಿ, ಮೈಸೂರಿನ ಮನೆಯ ವಿಳಾಸ, ಅಪ್ಪನ ಹೆಸರು ಎಲ್ಲವೂ ಆ ಹುಡುಗಿಯ ಬಳಿ ಇದ್ದವು. ಯಾರೂ ಇಲ್ಲ ಎಂದೆ, ಕರೆ ಮುಗಿಸಿದೆ.

ಮೆಟ್ಟಿಲಿನ ಮೇಲೆ ಗಿರಿಜಕ್ಕ ಕಂಬಿ ಹಿಡಿದು ನಿಂತಿದ್ದರು. "ಹೋಗಬ್ಯಾಡವಾ," ಎಂದರು. "ನನ್ನ ಹತ್ರ ಕೆನಡಾದ ಪಾಸ್‌ಪೋರ್ಟ್ ಇದ್ದೂ ಅಷ್ಟಾತು. ನಿಂದು ಇನ್ನs ನಾಜೂಕು." ಆಮೇಲೆ ನನ್ನ ಕಡೆ ನೋಡದೆ, "ಹೋದ್ರ, ಆ ಸಾಲಿ ಹತ್ರ ಒಮ್ಮೆ..." ಎಂದು ಶುರು ಮಾಡಿ, ತಮ್ಮ ಬಾಯಿಗೆ ತಾವೇ ಹೊಡೆದುಕೊಂಡರು. "ಥೂ, ಏನ್ ಮಾತು ನಂದು. ಹೋಗಬ್ಯಾಡ ನೀ. ಆ ಕೂಸಿನ ಖರೇ ಹೆಸರs ನನಗ ಗೊತ್ತಿಲ್ಲ, ನೀ ಯಾರನ್ನ ಕೇಳ್ತಿ?"

ನಾನು ಹೋಗಲಿಲ್ಲ. ಒಲ್ಲೆನೆಂದು ಬರೆದ ಮೇಲೂ ಎರಡು ತಿಂಗಳು ಗೊತ್ತಿಲ್ಲದ ನಂಬರುಗಳಿಂದ ಕರೆ ಬರುತ್ತಿತ್ತು. ಫೋನ್ ಅಲುಗಿದಾಗಲೆಲ್ಲ ನಾನು ಬಾಗಿಲ ಕಡೆ ನೋಡುತ್ತಿದ್ದೆ. ಪರ್ಮಿಟ್ ಮುಗಿಯುವ ಹದಿನೈದು ದಿನ ಮೊದಲು ಪಕ್ಕದ ಊರು ಮಿಸ್ಸಿಸಾಗಾದ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು, ಅವರೇ ಕಾಗದಪತ್ರ ಮಾಡಿಸಿದರು.

ಅದನ್ನು ಹೇಳಲು ಗಿರಿಜಕ್ಕನನ್ನು ಸರೋವರದ ದಂಡೆಯ ಪೋರ್ಟ್ ಕ್ರೆಡಿಟ್‌ಗೆ ಕರೆದೆ. ಆಗಸ್ಟಿನ ಭಾನುವಾರ, ದಂಡೆಯಲ್ಲಿ ಜನ ಐಸ್‌ಕ್ರೀಮ್ ತಿನ್ನುತ್ತಿದ್ದರು. ಗಿರಿಜಕ್ಕ ಕೋಟಿನಲ್ಲೇ ಬಂದಿದ್ದರು. ಅಣ್ಣ ದೂರದ ಆಲ್ಬರ್ಟಾ ಪ್ರಾಂತ್ಯಕ್ಕೆ ಹೋಗುತ್ತಿದ್ದಾನೆ, ನಾನೂ ಹೋಗುತ್ತೇನೆ ಎಂದರು. ದೋಣಿಗಳನ್ನು ನೋಡುತ್ತ ಬಹಳ ಹೊತ್ತು ಕೂತೆವು.

"ನೀ ಹೋಗ್ಲಿಲ್ಲ, ಚಲೋ ಆತು," ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ, "ಒಂದು ಕೇಳ್ತೀನಿ. ಆರು ವರ್ಷದಾಕಿ ಇದ್ದಾಗ ಯಾರರ ಬೈದದ್ದು ನಿನಗ ನೆನಪೈತೇನು?"

"ಇಲ್ಲಕ್ಕ," ಎಂದೆ. "ಅಷ್ಟು ಚಿಕ್ಕ ವಯಸ್ಸಿಂದು ಯಾರಿಗೂ ನೆನಪಿರಲ್ಲ."

"ಹೌದಲ್ಲ?" ಎಂದರು. ಉಸಿರು ಬಿಟ್ಟು, ಕೋಟಿನ ಮೇಲಿನ ಎರಡು ಗುಂಡಿ ಬಿಚ್ಚಿದರು. ಅವರನ್ನು ನಾನು ನೋಡಿದ್ದು ಅದೇ ಕೊನೆ.

ನನಗೆ ಆರು ವರ್ಷವಿದ್ದಾಗ ಯಾರೋ ಅಪ್ಪನನ್ನು ಕೇಳಿಕೊಂಡು ಬಂದಿದ್ದರು. ಮನೆಯಲ್ಲಿಲ್ಲ ಎಂದಳು ಅಮ್ಮ. ನಾನು ಅವಳ ಸೆರಗಿನ ಹಿಂದಿನಿಂದ, "ಇದ್ದಾರಲ್ಲ, ಒಳಗೆ ಮಂಚದ ಮೇಲೆ," ಎಂದೆ. ಅವರು ಹೋದ ಮೇಲೆ ಅಮ್ಮ ಬೈಯಲಿಲ್ಲ, ಹೊಡೆಯಲೂ ಇಲ್ಲ. ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು. ಚಿಲಕ ಬಿದ್ದ ಸದ್ದು, ಅವಳ ಹಸಿರು ಬಳೆ, ಅದರಲ್ಲಿದ್ದ ಒಂದು ಸೀಳು, ಎಲ್ಲವೂ ನನಗೆ ನೆನಪಿದೆ.