ನಿಧಾನಕ್ಕೆ ಹಾಡುತ್ತಿದ್ದ ಇಂಗ್ಲಿಷಿನವನು

ಮೊದಲು ಪಿಯಾನೋ ಒಂದೇ, ಆಮೇಲೆ ಡ್ರಮ್ಮು, ಅದರ ಬೆನ್ನಿಗೇ ಅವನ ದನಿ. ಮೊನ್ನೆ ಭಾನುವಾರ ಸಂಜೆ ಫೋನಿನಲ್ಲಿ ಆ ಹಳೆಯ ಆಲ್ಬಮ್ ಹುಡುಕಿ ಹಾಕಿದಾಗ, ಬೇರೆ ಯಾರದ್ದನ್ನೋ ಒತ್ತಿಬಿಟ್ಟೆನೇನೋ ಅಂದುಕೊಂಡೆ. ಹೊದಿಕೆಯ ಚಿತ್ರ ಅದೇ, ಕಪ್ಪು ಪಿಯಾನೋದ ಮೇಲೆ ಕೂತ ಬಿಳಿ ಬೆಕ್ಕು. ಹಾಡುಗಳ ಹೆಸರೂ ಅವೇ. ಆದರೆ ನಮ್ಮ ಮನೆಯಲ್ಲಿ ಹಾಡುತ್ತಿದ್ದವನು ಇವನಲ್ಲ. ನಮ್ಮವನದು ಭಾರವಾದ ಗಂಟಲು. ಒಂದೊಂದು ಮಾತನ್ನೂ ಎಳೆದೆಳೆದು ಹಾಡುತ್ತಿದ್ದ. ಇವನೋ ಬಸ್ಸು ತಪ್ಪಿಹೋಗುತ್ತದೆ ಅನ್ನುವವನ ಹಾಗೆ ಓಡುತ್ತಿದ್ದ.

ನಮ್ಮ ಮನೆ ಅಂದರೆ ಹೊಸೂರಿನ ಪಕ್ಕದ ಮೂಕಂಡಪಲ್ಲಿಯಲ್ಲಿದ್ದ ಸೋದರತ್ತೆಯ ಬಾಡಿಗೆ ಮನೆ. ನಾನು ಹುಟ್ಟಿದ್ದು ನಾಟ್ರಾಂಪಾಳ್ಯ ಅನ್ನುವ ಹಳ್ಳಿಯಲ್ಲಿ. ಓದಿಗೆ ಅನುಕೂಲವಾಗಲೆಂದು ಅಪ್ಪ ನನ್ನನ್ನು ಚಿಕ್ಕಂದಿನಲ್ಲೇ ಅತ್ತೆಯ ಹತ್ತಿರ ಬಿಟ್ಟಿದ್ದರು. ಅತ್ತೆಗೆ ಮಕ್ಕಳಿರಲಿಲ್ಲ. ಮಾವ ಫ್ಯಾಕ್ಟರಿಯಲ್ಲಿ ಫಿಟ್ಟರ್. ಶರ್ಟಿನಿಂದ ಯಾವಾಗಲೂ ಗ್ರೀಸಿನ ವಾಸನೆ. ಮದ್ರಾಸಿಗೆ ವರ್ಗವಾದ ಸೂಪರ್‌ವೈಸರ್ ಒಬ್ಬರು ಹೋಗುವಾಗ ಕೊಟ್ಟ ಆ ಕ್ಯಾಸೆಟ್ಟೇ ಮನೆಯಲ್ಲಿದ್ದ ಒಂದೇ ಒಂದು ಕ್ಯಾಸೆಟ್. ಅದನ್ನು ಹಾಕಿ ಕೇಳುವ ಮೊದಲೇ ಟೇಪ್ ರೆಕಾರ್ಡರಿನ ಬೆಲ್ಟು ಹರಿದಿತ್ತು. ಮಾವ ಅಂಗಡಿಗೆ ಹೋಗಲಿಲ್ಲ. ಸೈಕಲ್ ಟ್ಯೂಬನ್ನು ಉಂಗುರದ ಹಾಗೆ ಕತ್ತರಿಸಿ ಹಾಕಿದರು. ಅದು ಸ್ವಲ್ಪ ಸಡಿಲ. ಹಾಡು ನಿಧಾನವಾಯಿತು, ದನಿ ದಪ್ಪವಾಯಿತು. ಹೋಲಿಸಿ ನೋಡಲು ಇನ್ನೊಂದು ಕ್ಯಾಸೆಟ್ ಇಲ್ಲದ್ದರಿಂದ ಇಂಗ್ಲಿಷಿನವರು ಹಾಡುವುದೇ ಹೀಗೆ ಅಂದುಕೊಂಡು ನಾವು ಮೂವರೂ ನೆಮ್ಮದಿಯಾಗಿದ್ದೆವು.

ಅವರೆಕಾಯಿ ಕಾಲದಲ್ಲಿ ಸಂಜೆಯಾದರೆ ನೆನೆಹಾಕಿದ ಕಾಳಿನ ಬೋಗುಣಿಯ ಸುತ್ತ ಕೂತು ಹಿತುಕುತ್ತಿದ್ದೆವು. ಬೆರಳೆಲ್ಲ ಸೊಗಡು. ಡ್ರಮ್ಮಿನ ಒಂದೊಂದು ಏಟಿಗೆ ಒಂದೊಂದು ಕಾಳು ಅತ್ತೆಯ ಬೆರಳಿಂದ ಸಿಪ್ಪೆ ಬಿಟ್ಟು ಜಾರುತ್ತಿತ್ತು. ಒಂದು ಹಾಡಿಗಂತೂ ಅವರ ಕಣ್ಣು ತುಂಬಿಬರುತ್ತಿತ್ತು. "ಪಾಪ ಕಣ್ರೀ, ಹೆಂಡ್ತೀನ ಕಳ್ಕೊಂಡವ್ನೆ," ಅನ್ನುತ್ತಿದ್ದರು. ಮಾವ ತಲೆ ಎತ್ತದೆ, "ಹೆಂಡ್ತಿ ಹೋಗಿದ್ರೆ ಇಷ್ಟೊತ್ತು ಅಳ್ತಿದ್ನಾ? ಎತ್ತು ಹೋಗಿರ್ಬೇಕು," ಅನ್ನುತ್ತಿದ್ದರು. ಮೊನ್ನೆ ಮಾತುಗಳನ್ನು ಗಮನವಿಟ್ಟು ಕೇಳಿದೆ. ಅದು ಹುಡುಗಿಯೊಬ್ಬಳನ್ನು ಕುಣಿಯಲು ಕರೆಯುವ ಹಾಡು. ನಗು ಬಂತು. ಆದರೆ ಇದನ್ನು ಹೇಳಿ ನಗಿಸಲು ಮಾವ ಇಲ್ಲ. ಆ ಮನೆಯೂ ಇಲ್ಲ. ಅಲ್ಲೀಗ ಟೈಲ್ಸ್ ಅಂಗಡಿ.

ಅತ್ತೆ ಇದ್ದಾರೆ, ಹೊಸೂರಿನಲ್ಲಿ ನನ್ನ ಜೊತೆಗೇ. ಆದರೆ ದೀಪಾವಳಿ ಕಳೆದ ಮೇಲೆ ಅವರಿಗೆ ನಾನು ಯಾರೆಂದು ಗೊತ್ತಿಲ್ಲ. ತುತ್ತು ಕೊಟ್ಟರೆ, ಯಾರೋ ಪಕ್ಕದ ಮನೆಯವರು ಉಪಕಾರ ಮಾಡಿದ ಹಾಗೆ, "ನಿಮ್ಗ್ಯಾಕಮ್ಮಾ ತೊಂದ್ರೆ," ಅನ್ನುತ್ತಾರೆ. ಹಳೆಯ ಹಾಡು ಕೇಳಿಸಿ ನೋಡಿ ಎಂದು ಡಾಕ್ಟರು ಹೇಳಿದ್ದರು. ಅವರ ಬಾಯಿಂದ ಇನ್ನೊಂದು ಸಲ 'ಲಲ್ಲಿ' ಅಂತ ಕರೆಸಿಕೊಳ್ಳಬೇಕು, ನನಗೆ ಬೇಕಾಗಿದ್ದುದು ಅಷ್ಟೇ. ನಿಮಗೂ ಹಾಗೆ ಕರೆಯುವ ಒಬ್ಬರು ಇದ್ದಿದ್ದರೆ, ಇದು ಎಂಥ ಆಸೆಯೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಓಡುವ ಹಾಡಿಗೆ ಅತ್ತೆ ತಿರುಗಿಯೂ ನೋಡಲಿಲ್ಲ. ಆಗಲೇ ನನಗೆ ಬೆಲ್ಟಿನ ವಿಷಯ ಹೊಳೆದದ್ದು. ಫೋನಿನಲ್ಲಿ ವೇಗವನ್ನೂ ಶ್ರುತಿಯನ್ನೂ ಇಳಿಸಿದೆ, ಇನ್ನೂ ಇಳಿಸಿದೆ. ಪಿಯಾನೋ ತೂಕಡಿಸಿತು, ದನಿ ದಪ್ಪಗಾಯಿತು, ನಮ್ಮವನು ಬಂದ! ಅತ್ತೆಯ ಹೆಬ್ಬೆರಳು ಕಾಳು ಹಿತುಕುವ ಹಾಗೆ ಮಡಿಲಲ್ಲಿ ತಾನಾಗಿ ಒತ್ತತೊಡಗಿತು. ಮುಖ ಅರಳಿತು. ನಾನು ಫೋನನ್ನು ಅವರ ಹತ್ತಿರಕ್ಕೆ ಸರಿಸಿದೆ.

"ಲಲ್ಲಿ," ಅಂದರು.

"ಏನತ್ತೆ?" ಅಂದೆ.

ಅವರು ನನ್ನನ್ನು ನೋಡುತ್ತಿರಲಿಲ್ಲ. "ನಮ್ ಲಲ್ಲಿ ಇನ್ನೂ ಬಂದಿಲ್ಲ ಕಣಮ್ಮಾ ಇಸ್ಕೂಲಿಂದ. ಕತ್ಲಾಗ್ತಾ ಐತೆ. ದಾರೀಲೇನಾದ್ರೂ ನೋಡಿದ್ರಾ?"

"ನಾನೇ ಅತ್ತೆ, ಲಲ್ಲಿ," ಅಂದೆ. ನನ್ನ ನರೆತ ತಲೆ ನೋಡಿ ಮರ್ಯಾದೆಗೆ ನಕ್ಕರು. "ಅವ್ಳು ಇಷ್ಟುದ್ದ ಅವ್ಳೆ ಅಷ್ಟೇ," ಎಂದು ಕೈಯಲ್ಲಿ ತೋರಿಸಿದರು. ಮರುಕ್ಷಣವೇ ಆ ನಗು ಹೋಗಿ ಮುಖದಲ್ಲಿ ದಿಗಿಲು. ಮಂಚದಿಂದ ಇಳಿಯಲು ನೋಡಿದರು. ಹಾಡು ನಿಲ್ಲಿಸಿದೆ. ಅದರಿಂದೇನೂ ಆಗಲಿಲ್ಲ. ಅವರನ್ನು ಹಿಡಿದು ಕೂರಿಸಿ, "ಬತ್ತಾಳೆ ಬಿಡಿ ಅತ್ತೆ, ಇನ್ನೇನು ಬತ್ತಾಳೆ," ಅಂದೆ. ಅವರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಹೊರಗೆ ಪೂರ್ತಿ ಕತ್ತಲಾಯಿತು. ನಾವಿಬ್ಬರೂ ಬಾಗಿಲ ಕಡೆಗೇ ನೋಡುತ್ತಾ ಲಲ್ಲಿಗಾಗಿ ಕಾಯುತ್ತಿದ್ದೆವು.