ಬಾಗಿಲ ಹಿಂದಿನ ಬೀಗದ ಕೈ

ನನ್ನ ಕಿರಿಯ ಮಗಳಿಗೆ ಚಿಕ್ಕಂದಿನಿಂದ ಮೂರ್ಛೆ ರೋಗ. ವರ್ಷದಲ್ಲಿ ಯಾವಾಗಲೋ ಒಮ್ಮೆ ಬರುತ್ತಿತ್ತು. ಬಂದಾಗ ಅವಳ ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸುತ್ತಿದ್ದೆ. ಅದರಿಂದ ಏನೂ ಆಗುವುದಿಲ್ಲ ಎಂದು ಡಾಕ್ಟರು ಬೈದಿದ್ದರು. ಆದರೂ ಹಿಡಿಸುತ್ತಿದ್ದೆ, ಸುಮ್ಮನೆ ನೋಡುತ್ತಾ ಕೂರಲು ನನ್ನಿಂದ ಆಗುತ್ತಿರಲಿಲ್ಲ. ಆ ಬೀಗದ ಕೈ ನಡುಮನೆಯ ಬಾಗಿಲ ಹಿಂದೆ ಮೊಳೆಯಲ್ಲಿ ನೇತಾಡುತ್ತಿತ್ತು. ಮನೆಯವರನ್ನೂ ಆ ಡಾಕ್ಟರನ್ನೂ ಬಿಟ್ಟರೆ ಈ ಸಂಗತಿ ಯಾರಿಗೂ ಗೊತ್ತಿರಲಿಲ್ಲ.

ಅವಳು ಹನುಮಂತನಗರದ ಒಂದು ಸ್ಕೂಲಿನಲ್ಲಿ ಮೂರನೇ ಕ್ಲಾಸಿನ ಟೀಚರು. ಮಕ್ಕಳೆಂದರೆ ಜೀವ. ಎರಡು ಸಾವಿರದ ಇಸವಿ ದಾಟಿದ ಮೇಲೆ ಮನೆಗೆ ಕಂಪ್ಯೂಟರ್ ಬಂತು. ಅದರೊಳಗೆ ಟೀಚರುಗಳದ್ದೇ ಒಂದು ಗುಂಪು. ಪಾಠ, ಮಕ್ಕಳ ತಂಟೆ, ಸಂಬಳದ ಗೋಳು, ಎಲ್ಲ ಬರೆದುಕೊಳ್ಳುತ್ತಿದ್ದರು. ಒಂದು ಸಂಜೆ ಇವಳು ಅದರ ಮುಂದೆ ಕೂತು ಒಬ್ಬಳೇ ನಗುತ್ತಿದ್ದಳು.

“ಏನೇ ಅದು?”

“ನಿನ್ ಬೀಗದ ಕೈ ಕಥೆ ಬರ್ದೆ ಕಣಮ್ಮ. ಬಾಗಿಲ ಹಿಂದೆ ಕಾಯ್ತಾ ಇರತ್ತೆ ಅಂತ. ಕ್ಲಾಸಲ್ಲಿ ನಂಗೆ ಬಂದ್ಬಿಟ್ರೆ ಮಕ್ಕಳಿಗೆ ಏನ್ ಹೇಳ್ಕೊಟ್ಟಿರ್ಬೇಕು ಅಂತ ಕೇಳಿದೀನಿ.”

“ಬುದ್ಧಿ ಇದ್ಯೇನೇ ನಿಂಗೆ?”

“ಹೆಸ್ರೇ ಹಾಕಿಲ್ಲ. ನೋಡು, ಒಬ್ರು ಎಷ್ಟ್ ಚೆನ್ನಾಗ್ ಬರ್ದಿದಾರೆ. ಅಕ್ಕಾ, ಎಲ್ಲಾ ಹೇಳ್ಕೊಳ್ಳಿ, ಇದು ನಿಮ್ ತವರುಮನೆ ಅಂದ್ಕೊಳ್ಳಿ, ಅಂತ.”

“ಯಾರವರು? ಗಂಡಸೋ, ಹೆಂಗಸೋ?”

“ಗೊತ್ತಿಲ್ಲ.”

“ಚೆನ್ನಾಗಿದೆ ಕಣೇ, ಮುಖ ಇಲ್ಲದ ತವರುಮನೆ.”

ಹೆಸರು ಹಾಕಿರಲಿಲ್ಲ, ನಿಜ. ಆದರೆ ಮೂರನೇ ಕ್ಲಾಸು, ಕಿಟಕಿಯಿಂದ ಕಾಣುವ ಗುಡ್ಡದ ಗುಡಿ, ಎಲ್ಲ ಬರೆದಿದ್ದಳು. ಕೆಲವು ವಾರಗಳ ಮೇಲೆ ಹೆಡ್‌ಮೇಡಂ ಅವಳನ್ನು ರೂಮಿಗೆ ಕರೆದರು.

“ನಾಳೆಯಿಂದ ನೀವು ಲೈಬ್ರರಿ ನೋಡ್ಕೊಳ್ಳಿ. ಮಕ್ಕಳೆದುರಿಗೆ ಏನಾದ್ರೂ ಆದ್ರೆ ಪೇರೆಂಟ್ಸ್ ನಮ್ಮನ್ನ ಬಿಡ್ತಾರಾ? ಮನೇಲಿ ಕೈಗೆ ಬೀಗದ ಕೈ ಕೊಡ್ತಾರಂತಲ್ಲ?”

ಯಾರು ಹೇಳಿದರು ಎಂದು ಕೇಳಿದ್ದಕ್ಕೆ, “ಹೇಳಿದೋರು ನಿಮ್ ಒಳ್ಳೇದಕ್ಕೇ ಹೇಳಿದ್ರು” ಎಂದರಂತೆ.

ಮನೆಗೆ ಬಂದವಳು ಚೀಲ ಕೂಡ ಇಳಿಸದೆ ನಿಂತಿದ್ದಳು. “ಸ್ಕೂಲಿನೋರು ಎಷ್ಟ್ ಜನ ಆ ಗುಂಪಲ್ಲಿದಾರೋ ಅಮ್ಮ. ಎಲ್ರೂ ಬೇರೆ ಬೇರೆ ಹೆಸ್ರು ಇಟ್ಕೊಂಡಿದಾರೆ.”

ಗೌರಿ ಹಬ್ಬ ಬಂತು. ಅವಳು ಬೇಡವೆಂದರೂ ಅವಳ ಸ್ಕೂಲಿನ ಟೀಚರುಗಳನ್ನೆಲ್ಲ ನಾನು ಅರಿಶಿನ ಕುಂಕುಮಕ್ಕೆ ಕರೆದೆ. ಯಾರೆಂದು ನನಗೆ ನೋಡಬೇಕಿತ್ತು. ಹೆಡ್‌ಮೇಡಂ ಆಡಿದ್ದು ಬೀಗದ ಕೈ ಮಾತು ಮಾತ್ರ. ಅದು ಬಾಗಿಲ ಹಿಂದೆ ಇರುವುದು ಇವಳು ಬರೆದದ್ದನ್ನು ಓದಿದವರಿಗೆ ಮಾತ್ರ ಗೊತ್ತು. ಓದಿದವಳ ಕಣ್ಣು ಅಲ್ಲಿಗೆ ಹೋಗದೆ ಇರುವುದಿಲ್ಲ ಎಂದುಕೊಂಡೆ.

ಬಂದರು. ಸೀರೆ ಹೊಗಳಿದರು, ಕೋಸಂಬರಿ ತಿಂದರು. ನಾನು ಕುಂಕುಮ ಕೊಡುತ್ತಾ ಕಣ್ಣುಗಳನ್ನೇ ನೋಡುತ್ತಿದ್ದೆ. ಮೊದಲನೆಯವಳು ತಾಂಬೂಲ ತೆಗೆದುಕೊಂಡು ತಿರುಗುವಾಗ ಬಾಗಿಲ ಹಿಂದೆ ಇಣುಕಿದಳು. ಸಿಕ್ಕಿದಳು ಎಂದುಕೊಂಡೆ. ಆಮೇಲೆ ಎರಡನೆಯವಳೂ ಇಣುಕಿದಳು. ಅವಳ ಹಿಂದಿನವಳೂ. ಅಲ್ಲಿ ನೋಡದೆ ಮೆಟ್ಟಿಲಿಳಿದವರು ಒಬ್ಬರೂ ಇಲ್ಲ. ಇವಳ ಜೊತೆ ದಿನಾ ಊಟದ ಡಬ್ಬಿ ಬಿಚ್ಚಿ ಹಂಚಿಕೊಂಡು ತಿಂದವರು ಅವರು.

ಕ್ಲಾಸು ಅವಳಿಗೆ ಮತ್ತೆ ಸಿಗಲಿಲ್ಲ. ಲೈಬ್ರರಿಯಲ್ಲಿ ಪುಸ್ತಕಗಳಿಗೆ ಬೈಂಡು ಹಾಕುತ್ತಾ ಕೂತಿರುತ್ತಿದ್ದಳು. ಕಂಪ್ಯೂಟರಿನಲ್ಲಿ ಮಾತ್ರ ಆ ತವರುಮನೆಯವರು ಕೇಳುತ್ತಲೇ ಇದ್ದರು: ಅಕ್ಕಾ, ಯಾಕೆ ಸುಮ್ಮನಾಗಿಬಿಟ್ರಿ? ಹುಷಾರಾಗಿದೀರಾ?

ಒಂದು ದಿನ ಲೈಬ್ರರಿಯಲ್ಲೇ ಮೂರ್ಛೆ ಬಂತು. ಒಬ್ಬಳೇ ಇದ್ದಳು. ಕಣ್ಣು ಬಿಟ್ಟಾಗ ಬಾಗಿಲು ಮುಂದಕ್ಕೆ ಎಳೆದಿತ್ತು, ಹತ್ತಿರ ಯಾರೂ ಇರಲಿಲ್ಲ. ಬಾಗಿಲ ಬೀಗಕ್ಕೆ ಸಿಕ್ಕಿಸಿಟ್ಟಿದ್ದ ಬೀಗದ ಕೈ ಅವಳ ಅಂಗೈಯಲ್ಲಿತ್ತು. ಬೆರಳುಗಳನ್ನು ಯಾರೋ ಒಂದೊಂದಾಗಿ ಮಡಿಸಿ ಹಿಡಿಸಿದ್ದರು.